ವಿದ್ಯುತ್ ಕಾರಿಗೆ ಚಾರ್ಜು: ಘಟ್ಟದ ದಾರಿಗೆ ಮೊಬೈಲ್ ಆಪ್ ಹೇಗಿರಬೇಕು?

ನಮ್ಮ ಸಂಘದ ಸದಸ್ಯರಲ್ಲಿ ವಿದ್ಯುತ್ ಸ್ಕೂಟರು, ವಿದ್ಯುತ್ ಕಾರುಗಳನ್ನು ಕೊಂಡವರು ಈಚಿನ ವರ್ಷಗಳಲ್ಲಿ ಹೆಚ್ಚುತ್ತಿದ್ದಾರೆ. ಅಡಿಕೆ ಕೊಡಲು ಬಂದವರಾಗಲಿ, ಕಾಫಿ ಚೀಲ ಇಳಿಸಿ ಒಂದು ಲೋಟ ಕಾಫಿ ಕುಡಿಯುತ್ತ ನಿಂತವರಾಗಲಿ, ಧಾರಣೆಯ ಮಾತು ಮುಗಿದ ಮೇಲೆ "ನಿಮ್ಮ ಗಾಡಿ ಒಂದು ಚಾರ್ಜಿಗೆ ಎಷ್ಟು ಓಡುತ್ತದೆ?" ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ಇದರ ಜೊತೆಗೆ, ತೋಟದ ಮನೆಯಲ್ಲಿ ಹೋಂಸ್ಟೇ ನಡೆಸುವ ಕೆಲವು ಸದಸ್ಯರು ತಮ್ಮ ಅಂಗಳದಲ್ಲಿ ಒಂದು ಚಾರ್ಜರ್ ಹಾಕಿಸಬಹುದೇ, ಅದನ್ನು ಯಾವ ಮೊಬೈಲ್ ಆಪಿಗೆ ಸೇರಿಸಬೇಕು ಎಂದು ವಿಚಾರಿಸುತ್ತಿದ್ದಾರೆ. ಆದುದರಿಂದ ಈ ಆಪ್ ಎಂಬುದು ಏನು ಮಾಡುತ್ತದೆ, ಅದರ ಹಿಂದೆ ಯಾವ ವ್ಯವಸ್ಥೆ ಕೆಲಸ ಮಾಡುತ್ತದೆ, ನಮ್ಮಂಥ ಮಲೆನಾಡಿಗೆ, ಕರಾವಳಿಗೆ ಒಪ್ಪುವ ಆಪನ್ನು ರಚಿಸುವವರು ಯಾವ ಅಂಶಗಳನ್ನು ಗಮನಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಸ್ವಂತ ಅನುಭವವೊಂದನ್ನು ಹೇಳಿಬಿಡುತ್ತೇನೆ.

ಕಳೆದ ಮುಂಗಾರಿಗೆ ಮುಂಚೆ ಮಡಿಕೇರಿಯಲ್ಲಿ ನಮ್ಮ ಹತ್ತಿರದ ನೆಂಟರ ಮದುವೆ. ಪುತ್ತೂರಿನಿಂದ ಸೋದರಳಿಯನ ವಿದ್ಯುತ್ ಕಾರಿನಲ್ಲಿ ನಾಲ್ಕು ಜನ ಹೊರಟೆವು. ಬ್ಯಾಟರಿಯಲ್ಲಿ ಶೇಕಡಾ 60ರಷ್ಟು ಚಾರ್ಜ್ ಇತ್ತು. ದಾರಿ ಸುಮಾರು 85 ಕಿ.ಮೀ. "ಧಾರಾಳ ಸಾಕು ಮಾವ, ಬೇಕಾದರೆ ಘಟ್ಟದಲ್ಲಿ ಒಂದು ಚಾರ್ಜಿಂಗ್ ಕೇಂದ್ರ ಇದೆ, ಖಾಲಿ ಇದೆ ಅಂತ ಆಪಿನಲ್ಲಿ ಹಸಿರು ತೋರಿಸುತ್ತಾ ಇದೆ" ಎಂದು ಅಳಿಯ ಧೈರ್ಯ ಹೇಳಿದ. ಸಂಪಾಜೆ ದಾಟಿ ಏರು ಹತ್ತತೊಡಗಿದ ಮೇಲೆ ಬ್ಯಾಟರಿಯ ಅಂಕಿ ನಾವು ಎಣಿಸಿದ್ದಕ್ಕಿಂತ ಬೇಗ ಇಳಿಯಿತು. ಆ ಕೇಂದ್ರವನ್ನು ಮುಟ್ಟಿದಾಗ ಉಳಿದದ್ದು ಶೇಕಡಾ 12. ಆಪಿನಲ್ಲಿ ಆಗಲೂ ಹಸಿರೇ. ಆದರೆ ಚಾರ್ಜರಿನ ಪೆಟ್ಟಿಗೆಯಲ್ಲಿ ಒಂದು ದೀಪವೂ ಉರಿಯುತ್ತಿರಲಿಲ್ಲ. ಹಿಂದಿನ ರಾತ್ರಿಯ ಸಿಡಿಲಿಗೆ ಅದರ ಸ್ವಿಚ್ಚು ಬಿದ್ದುಹೋಗಿತ್ತು. ಪೆಟ್ಟಿಗೆಗೆ ಬೀಗ, ಬೀಗದ ಕೈ ಯಾರ ಬಳಿ ಎಂಬುದು ಅಲ್ಲಿದ್ದವರಿಗೆ ಗೊತ್ತಿಲ್ಲ. ಫಲಕದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದರೆ ದೂರದ ಊರಿನಲ್ಲಿ ಕುಳಿತವರೊಬ್ಬರು "ಇಲ್ಲಿ ಎಲ್ಲ ಸರಿ ಇದೆ ಎಂದೇ ಕಾಣುತ್ತಿದೆಯಲ್ಲ ಸಾರ್" ಎಂದರು.

ಸಮೀಪದ ಕಾಫಿ ತೋಟದ ರೈಟರು ನಮ್ಮ ಪಾಡು ನೋಡಿ, ಪಲ್ಪರ್ ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಎರಡು ಗಂಟೆ ಚಾರ್ಜ್ ಮಾಡಿಕೊಳ್ಳಲು ಬಿಟ್ಟರು. ಮದುವೆ ಮನೆ ತಲುಪುವಾಗ ಮುಹೂರ್ತ ಕಳೆದಿತ್ತು. ಊಟದ ಕೊನೆಯ ಪಂಕ್ತಿ ಸಿಕ್ಕಿತು. ಆ ದಿನ ಜೊತೆಗಿದ್ದವರು ಹಿರಿಯರು, ಆರೋಗ್ಯವಂತರು. ಕಾರಿನಲ್ಲಿ ಆಸ್ಪತ್ರೆಗೆ ಹೋಗಬೇಕಾದವರು ಯಾರಾದರೂ ಇದ್ದಿದ್ದರೆ ಏನು ಗತಿ ಎಂದು ಹಿಂತಿರುಗುವಾಗ ದಾರಿಯುದ್ದಕ್ಕೂ ಯೋಚಿಸಿದೆ.

ಇಲ್ಲಿ ತಪ್ಪಿದ್ದು ಎರಡು ಕಡೆ. ಏರಿನ ಲೆಕ್ಕವನ್ನು ಆಪ್ ಹಿಡಿಯಲಿಲ್ಲ. ಹಳೆಯ ಸುದ್ದಿಯನ್ನು ಅದು ಹೊಸದೆಂಬಂತೆ ತೋರಿಸಿತು. ಈ ಎರಡನ್ನೂ ಸರಿಪಡಿಸಲು ದೊಡ್ಡ ಸಂಶೋಧನೆಯೇನೂ ಬೇಡ.

ಪೆಟ್ರೋಲ್ ಬಂಕಿಗೆ ಬೇಡದ ಆಪ್ ಇದಕ್ಕೇಕೆ ಬೇಕು?

ಇದು ಹಿರಿಯ ಸದಸ್ಯರು ಕೇಳುವ ಪ್ರಶ್ನೆ, ಸರಿಯಾದ ಪ್ರಶ್ನೆ. ಪೆಟ್ರೋಲ್ ಬಂಕ್ ರಸ್ತೆಯ ಬದಿಯಲ್ಲಿ ಕಣ್ಣಿಗೆ ಕಾಣುತ್ತದೆ, ಅಲ್ಲಿ ಮನುಷ್ಯರಿರುತ್ತಾರೆ, ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಎಲ್ಲ ಗಾಡಿಗಳಿಗೂ ಒಂದೇ ನಳಿಗೆ ಹಿಡಿಸುತ್ತದೆ. ಚಾರ್ಜರ್ ಹಾಗಲ್ಲ. ಅದು ಹೋಟೆಲಿನ ಹಿಂಭಾಗದಲ್ಲೋ ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲೋ ಇರಬಹುದು. ನೋಡಿಕೊಳ್ಳಲು ಆಳು ಇರುವುದಿಲ್ಲ. ಒಬ್ಬರು ಸಿಕ್ಕಿಸಿದರೆ ಮುಕ್ಕಾಲು ಗಂಟೆಯಿಂದ ಹಲವು ಗಂಟೆಗಳವರೆಗೆ ಜಾಗ ಖಾಲಿಯಾಗುವುದಿಲ್ಲ. ಪ್ಲಗ್ಗುಗಳೂ ಬೇರೆ ಬೇರೆ. ಈ ಕಾರಣಗಳಿಂದ ಎಲ್ಲಿದೆ, ಸರಿ ಇದೆಯೇ, ಖಾಲಿ ಇದೆಯೇ, ನಮ್ಮ ಗಾಡಿಗೆ ಹಿಡಿಸುತ್ತದೆಯೇ, ಎಷ್ಟು ಹೊತ್ತು, ಎಷ್ಟು ಹಣ ಎಂಬ ಆರು ಪ್ರಶ್ನೆಗಳಿಗೆ ಮನೆ ಬಿಡುವ ಮೊದಲೇ ಉತ್ತರ ಬೇಕಾಗುತ್ತದೆ. ಆಪ್ ಇರುವುದು ಈ ಆರು ಪ್ರಶ್ನೆಗಳಿಗಾಗಿ. ಉಳಿದ ಅಲಂಕಾರವೆಲ್ಲ ಆಮೇಲಿನ ಮಾತು.

ನಮ್ಮ ರಾಜ್ಯಕ್ಕೆ ವಿದ್ಯುತ್ ವಾಹನ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಕಾರು 2001ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಮನೆಯ 15 ಆಂಪಿಯರ್ ಪ್ಲಗ್ಗಿಗೆ ರಾತ್ರಿ ಸಿಕ್ಕಿಸಿಟ್ಟರೆ ಅದಕ್ಕೆ ಸಾಕಾಗುತ್ತಿತ್ತು. ಊರೊಳಗೆ ಓಡುವ ಗಾಡಿಗೆ ಆಪಿನ ಅಗತ್ಯವೇ ಇರಲಿಲ್ಲ. 2017ರಲ್ಲಿ ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. 2018ರಲ್ಲಿ ಕೇಂದ್ರ ಇಂಧನ ಸಚಿವಾಲಯ, ವಾಹನ ಚಾರ್ಜ್ ಮಾಡುವುದು ಒಂದು ಸೇವೆ, ಅದು ವಿದ್ಯುತ್ ಮಾರಾಟವಲ್ಲ, ಅದಕ್ಕೆ ವಿದ್ಯುತ್ ಕಾಯಿದೆಯ ಪ್ರಕಾರ ಲೈಸೆನ್ಸ್ ಬೇಡ ಎಂದು ಸ್ಪಷ್ಟಪಡಿಸಿತು. 2022ರ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಎರಡೂ ಬದಿಗೆ 25 ಕಿ.ಮೀ.ಗೆ ಒಂದರಂತೆ ಚಾರ್ಜಿಂಗ್ ಕೇಂದ್ರ ಇರಬೇಕೆಂಬ ಗುರಿಯನ್ನು ಇಟ್ಟಿತು. ಊರು ಬಿಟ್ಟು ಊರಿಗೆ ಹೋಗುವ ಕಾರುಗಳು ಬಂದವು, ನಾನಾ ಕಂಪನಿಗಳ ಚಾರ್ಜರುಗಳು ಬಂದವು, ಆಪುಗಳೂ ಬಂದವು. ರಾಜ್ಯದಲ್ಲಿ ಚಾರ್ಜಿಂಗ್ ವ್ಯವಸ್ಥೆಗೆ ನೋಡಲ್ ಸಂಸ್ಥೆಯಾದ ಬೆಸ್ಕಾಂ ಕೂಡ "ಇವಿ ಮಿತ್ರ" ಎಂಬ ಆಪನ್ನು ಹೊರತಂದಿದೆ.

ಆಪಿಗೆ ಸುದ್ದಿ ಎಲ್ಲಿಂದ ಬರುತ್ತದೆ?

ನಮ್ಮ ಕೈಯ ಫೋನು ನೇರವಾಗಿ ಚಾರ್ಜರಿನೊಡನೆ ಮಾತಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಚಾರ್ಜರಿನೊಳಗೆ ಒಂದು ಸಿಮ್ ಕಾರ್ಡೋ ಇಂಟರ್‌ನೆಟ್ ತಂತಿಯೋ ಇರುತ್ತದೆ. ಅದರ ಮೂಲಕ ಅದು ಕಂಪನಿಯ ದೊಡ್ಡ ಗಣಕಯಂತ್ರಕ್ಕೆ ವರದಿ ಕಳಿಸುತ್ತದೆ. ನಮ್ಮ ಫೋನು ಆ ಗಣಕಯಂತ್ರವನ್ನು ಕೇಳಿ ತಿಳಿದುಕೊಳ್ಳುತ್ತದೆ. ಮಂಡಿಯ ಧಾರಣೆಯನ್ನು ನಾವು ಸಂಘದ ಕಚೇರಿಗೆ ಫೋನು ಮಾಡಿ ಕೇಳಿದ ಹಾಗೆ. ಕಚೇರಿಯವರಿಗೆ ಬೆಳಿಗ್ಗೆ ಸಿಕ್ಕಿದ ಸುದ್ದಿಯನ್ನೇ ಅವರು ಸಂಜೆಗೂ ಹೇಳುತ್ತಿದ್ದರೆ ತಪ್ಪು ಮಂಡಿಯದ್ದಲ್ಲ.

ಚಾರ್ಜರ್ ಮತ್ತು ಗಣಕಯಂತ್ರ ಮಾತಾಡಿಕೊಳ್ಳಲು ಒಂದು ಒಪ್ಪಿತ ಭಾಷೆ ಇದೆ. ಅದರ ಹೆಸರು ಓಸಿಪಿಪಿ. 2009ರಲ್ಲಿ ನೆದರ್ಲೆಂಡ್ಸ್ ದೇಶದಲ್ಲಿ ಇದರ ಕೆಲಸ ಆರಂಭವಾಯಿತು. ಯಾವ ಕಂಪನಿಯ ಚಾರ್ಜರೇ ಇರಲಿ, ಯಾವ ಕಂಪನಿಯ ಗಣಕಯಂತ್ರವೇ ಇರಲಿ, ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗಬೇಕು ಎಂಬುದೇ ಇದರ ಉದ್ದೇಶ. ಈ ಭಾಷೆಯಲ್ಲಿ ಚಾರ್ಜರ್ ತನ್ನ ಸ್ಥಿತಿಯನ್ನು ಹೇಳುತ್ತಿರುತ್ತದೆ: ಖಾಲಿ ಇದ್ದೇನೆ, ಗಾಡಿ ಸಿಕ್ಕಿಸಿದ್ದಾರೆ, ಚಾರ್ಜ್ ಆಗುತ್ತಿದೆ, ಮುಗಿಯುತ್ತಿದೆ, ಕಾಯ್ದಿರಿಸಲಾಗಿದೆ, ಕೆಟ್ಟಿದೆ ಇತ್ಯಾದಿ. ಅಲ್ಲದೆ ನಿಗದಿಯಾದ ಅವಧಿಗೊಮ್ಮೆ "ನಾನು ಜೀವಂತ ಇದ್ದೇನೆ" ಎಂಬ ಒಂದು ಸಣ್ಣ ಸಂದೇಶವನ್ನೂ ಕಳಿಸುತ್ತದೆ. ಅದನ್ನು ಎದೆಬಡಿತ ಎಂದೇ ಕರೆಯುತ್ತಾರೆ.

ನಮಗೆ ಆದ ತೊಂದರೆಯ ಮೂಲ ಇಲ್ಲಿ ಸಿಗುತ್ತದೆ. ಸಿಡಿಲಿಗೆ ಸ್ವಿಚ್ಚು ಬಿದ್ದಾಗ ಚಾರ್ಜರಿಗೆ "ಕೆಟ್ಟಿದೆ" ಎಂದು ಹೇಳಲೂ ಕರೆಂಟಿರಲಿಲ್ಲ. ಅದು ಹೇಳಿದ ಕೊನೆಯ ಮಾತು "ಖಾಲಿ ಇದ್ದೇನೆ" ಎಂಬುದು. ಎದೆಬಡಿತ ನಿಂತು ಹನ್ನೆರಡು ಗಂಟೆಯಾದರೂ ಆಪ್ ಆ ಕೊನೆಯ ಮಾತನ್ನೇ ಹಸಿರು ಬಣ್ಣದಲ್ಲಿ ತೋರಿಸುತ್ತ ಕುಳಿತಿತ್ತು.

ಆದುದರಿಂದ ಆಪ್ ರಚಿಸುವವರು ಪಾಲಿಸಬೇಕಾದ ಮೊದಲ ನಿಯಮ: ಪ್ರತಿ ಚಾರ್ಜರಿನ ಎದುರು "ಕೊನೆಯ ಸುದ್ದಿ ಬಂದದ್ದು ಎಷ್ಟು ನಿಮಿಷದ ಹಿಂದೆ" ಎಂಬುದನ್ನು ಬರೆಯಬೇಕು. ಎರಡು ಮೂರು ಎದೆಬಡಿತ ತಪ್ಪಿದ ಕೂಡಲೇ ಹಸಿರನ್ನು ತೆಗೆದು ಬೂದು ಬಣ್ಣ ಮಾಡಿ "ಸಂಪರ್ಕ ಇಲ್ಲ, ವಿಚಾರಿಸಿ ಹೊರಡಿ" ಎನ್ನಬೇಕು. ಎರಡನೆಯದಾಗಿ, "ಇಲ್ಲಿ ಕೊನೆಯ ಬಾರಿ ಒಂದು ಗಾಡಿ ಯಶಸ್ವಿಯಾಗಿ ಚಾರ್ಜ್ ಆದದ್ದು ಯಾವಾಗ" ಎಂದೂ ತೋರಿಸಬೇಕು. ಇಂದು ಬೆಳಿಗ್ಗೆ ಒಬ್ಬರು ಹತ್ತು ಯೂನಿಟ್ ತುಂಬಿಸಿಕೊಂಡು ಹೋಗಿದ್ದಾರೆ ಎಂಬ ಒಂದು ಸಾಲು ನೂರು ಹಸಿರು ಚುಕ್ಕಿಗಳಿಗಿಂತ ಹೆಚ್ಚು ನಂಬಿಕೆ ಕೊಡುತ್ತದೆ. ಈ ಎರಡೂ ಮಾಹಿತಿ ಗಣಕಯಂತ್ರದಲ್ಲಿ ಹೇಗೂ ಇರುತ್ತದೆ. ತೋರಿಸುವ ಮನಸ್ಸು ಬೇಕು, ಅಷ್ಟೆ.

ಏರಿನ ಲೆಕ್ಕ

ಇನ್ನು ಬ್ಯಾಟರಿ ಬೇಗ ಇಳಿದ ವಿಷಯ. ಇದು ಶಾಲೆಯಲ್ಲಿ ಕಲಿತ ಲೆಕ್ಕವೇ.

ಕಾರು, ನಾಲ್ಕು ಜನ, ಸಾಮಾನು ಎಲ್ಲ ಸೇರಿ 1,700 ಕಿಲೋ ತೂಕ ಎಂದಿಟ್ಟುಕೊಳ್ಳಿ. ಇಷ್ಟು ತೂಕವನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 4.6 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಮೋಟಾರಿನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ 5 ಯೂನಿಟ್ಟಿಗೂ ಮಿಕ್ಕಿ ಹೋಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಯೂನಿಟ್ಟಿಗೆ 7 ಕಿ.ಮೀ. ಓಡುವ ಗಾಡಿಯಾದರೆ, ಈ ಏರಿಗೆ ಖರ್ಚಾಗುವ 5 ಯೂನಿಟ್ಟಿನಲ್ಲಿ ಅದು ಬಯಲಿನಲ್ಲಿ 35 ಕಿ.ಮೀ. ಓಡುತ್ತಿತ್ತು. ಎಂದರೆ ಸುಳ್ಯದಿಂದ ಮಡಿಕೇರಿಗೆ ರಸ್ತೆಯ ಕಲ್ಲು ಸುಮಾರು 50 ಕಿ.ಮೀ. ಎಂದರೂ ಬ್ಯಾಟರಿಯ ಪಾಲಿಗೆ ಅದು 85 ಕಿ.ಮೀ. ಶಿರಾಡಿ, ಚಾರ್ಮಾಡಿ, ಆಗುಂಬೆ ಎಲ್ಲದಕ್ಕೂ ಇದೇ ನ್ಯಾಯ, ಎತ್ತರ ಮಾತ್ರ ಬೇರೆ ಬೇರೆ.

ಇಳಿಯುವಾಗ ಇದರ ಉಲ್ಟಾ. ವಿದ್ಯುತ್ ಗಾಡಿ ಇಳಿಜಾರಿನಲ್ಲಿ ಮೋಟಾರನ್ನೇ ಡೈನಮೋದಂತೆ ತಿರುಗಿಸಿ, ಏರುವಾಗ ಖರ್ಚು ಮಾಡಿದ್ದರಲ್ಲಿ ಒಂದು ಪಾಲನ್ನು ಹಿಂದಕ್ಕೆ ತುಂಬಿಸಿಕೊಳ್ಳುತ್ತದೆ. ಆದರೆ ಬ್ಯಾಟರಿಯಲ್ಲಿ ಜಾಗ ಇರಬೇಕು. ಘಟ್ಟದ ಮೇಲೆ ನೂರಕ್ಕೆ ನೂರು ತುಂಬಿಸಿ ಕೆಳಗೆ ಹೊರಟರೆ ಆ ಲಾಭ ಸಿಗುವುದಿಲ್ಲ. ಬ್ರೇಕಿಗೂ ಮೋಟಾರಿನ ತಡೆಯ ಸಹಾಯ ಕಡಿಮೆಯಾಗುತ್ತದೆ. ಮಡಿಕೇರಿಯಿಂದ ಇಳಿಯುವವರಿಗೆ 85 ತುಂಬಿದರೆ ಸಾಕು ಎಂದು ಆಪ್ ತಾನಾಗಿ ಹೇಳಿದರೆ ಅವರಿಗೂ ಸಮಯ ಉಳಿಯಿತು, ಕಾಯುತ್ತಿರುವವರಿಗೂ ಜಾಗ ಸಿಕ್ಕಿತು.

ರಸ್ತೆಗಳ ಎತ್ತರದ ವಿವರ ಇಂದು ಭೂಪಟಗಳ ಜೊತೆಯಲ್ಲೇ ದೊರೆಯುತ್ತದೆ. ಗಾಡಿಯ ತೂಕ ಮತ್ತು ಜನರ ಸಂಖ್ಯೆಯನ್ನು ಒಮ್ಮೆ ಕೇಳಿಕೊಂಡರೆ ಲೆಕ್ಕ ಆಪಿನ ಕೆಲಸ. ಕೇವಲ ಕಿಲೋಮೀಟರ್ ನೋಡಿ "ತಲುಪಬಹುದು" ಎನ್ನುವ ಆಪ್ ಬಯಲುಸೀಮೆಗೆ ಸರಿ, ನಮಗೆ ಸಾಲದು.

ಪ್ಲಗ್ಗು ಮತ್ತು ವೇಗ

"ಚಾರ್ಜರ್ ಇದೆ" ಎಂದ ಮಾತ್ರಕ್ಕೆ ನಮ್ಮ ಗಾಡಿಗೆ ಆಗುತ್ತದೆಂದು ಅರ್ಥವಲ್ಲ. ಮನೆಯ ದೊಡ್ಡ ಪ್ಲಗ್ಗಿನಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತದೆ. ಗೋಡೆಗೆ ಹಾಕುವ 32 ಆಂಪಿಯರಿನ ಚಾರ್ಜರಿನಲ್ಲಿ 7 ಯೂನಿಟ್ಟಿನಷ್ಟು. ಇವು ಎಸಿ ಚಾರ್ಜರುಗಳು. ಹೆದ್ದಾರಿಯ ಡಿಸಿ ಚಾರ್ಜರುಗಳು 30, 60 ಕಿಲೋವಾಟ್ ಅಥವಾ ಅದಕ್ಕೂ ಮೇಲೆ. 30 ಯೂನಿಟ್ಟಿನ ಬ್ಯಾಟರಿಯನ್ನು ಮನೆಯ ಪ್ಲಗ್ಗಿನಲ್ಲಿ ತುಂಬಿಸಲು ಒಂದು ರಾತ್ರಿ ಬೇಕು. 30 ಕಿಲೋವಾಟಿನ ಡಿಸಿ ಚಾರ್ಜರಿನಲ್ಲಿ ಒಂದು ಗಂಟೆಯೊಳಗೆ ಮುಕ್ಕಾಲು ಪಾಲು ಆಗಬಹುದು.

ಇಲ್ಲಿ ಒಂದು ಮೋಸಹೋಗುವ ಜಾಗ ಇದೆ. ಎಸಿ ಚಾರ್ಜರ್ 22 ಕಿಲೋವಾಟಿನದ್ದಾದರೂ, ಕಾರಿನೊಳಗಿನ ಪರಿವರ್ತಕ 3.3 ಕಿಲೋವಾಟಿನದ್ದಾದರೆ ಹೋಗುವುದು 3.3 ಮಾತ್ರ. ನಾಲ್ಕಿಂಚಿನ ಪೈಪಿಗೆ ಅರ್ಧ ಇಂಚಿನ ನಲ್ಲಿ ಜೋಡಿಸಿದ ಹಾಗೆ. ಆಪ್ ಚಾರ್ಜರಿನ ದೊಡ್ಡ ಅಂಕಿಯನ್ನು ತೋರಿಸಿ ಸುಮ್ಮನಾಗಬಾರದು. "ನಿಮ್ಮ ಗಾಡಿಗೆ ಇಲ್ಲಿ ಇಷ್ಟು ಹೊತ್ತು" ಎಂದು ಹೇಳಬೇಕು.

ಹಾಗೆಯೇ ಶೇಕಡಾ 80 ದಾಟಿದ ಮೇಲೆ ಬ್ಯಾಟರಿಯ ಹಿತಕ್ಕಾಗಿ ಚಾರ್ಜಿನ ವೇಗ ತಾನಾಗಿ ತಗ್ಗುತ್ತದೆ. ಗೋಣಿಚೀಲಕ್ಕೆ ಅಡಿಕೆ ತುಂಬಿಸುವಾಗ ಮೊದಲು ಸುರಿದುಕೊಂಡು ಹೋಗುತ್ತದೆ. ಕೊನೆಯ ನಾಲ್ಕು ಕಿಲೋ ಕುಲುಕಿ ಒತ್ತಿ ತುಂಬಬೇಕು. ಇದೂ ಹಾಗೆಯೇ. ಡಿಸಿ ಚಾರ್ಜರಿನಲ್ಲಿ ಕೊನೆಯ 20ಕ್ಕಾಗಿ ಕಾಯುವುದು ಬಹಳ ಸಲ ಸಮಯದ ನಷ್ಟ.

ಪ್ಲಗ್ಗಿನ ವಿಷಯಕ್ಕೆ ಬಂದರೆ, ಈಗಿನ ಹೆಚ್ಚಿನ ಕಾರುಗಳಿಗೆ ಎಸಿಗೆ ಟೈಪ್-2, ಡಿಸಿಗೆ ಸಿಸಿಎಸ್-2 ಎಂಬ ಜೋಡಣೆ ಇದೆ. ಆರಂಭದ ದಿನಗಳಲ್ಲಿ ಹಾಕಿದ ಭಾರತ್ ಡಿಸಿ-001 ಮಾದರಿಯ ಚಾರ್ಜರುಗಳು ಅವಕ್ಕೆ ಹಿಡಿಸುವುದಿಲ್ಲ. ಸ್ಕೂಟರುಗಳದ್ದು ಇನ್ನೂ ಗೊಂದಲ. ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು. ಬೆಂಗಳೂರಿನ ಏಥರ್ ಸಂಸ್ಥೆ ರೂಪಿಸಿದ ಜೋಡಣೆಯನ್ನು 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಹಗುರ ವಾಹನಗಳಿಗೆ ದೇಶೀಯ ಮಾನಕವಾಗಿ ಅಂಗೀಕರಿಸಿದೆ. ಎಲ್ಲರೂ ಅದನ್ನೇ ಬಳಸಬೇಕೆಂಬ ಕಡ್ಡಾಯ ಅದರಲ್ಲಿಲ್ಲ. ಆದುದರಿಂದ ಬಳಸುವವರು ತಮ್ಮ ಗಾಡಿಯ ಹೆಸರನ್ನು ಒಮ್ಮೆ ಹೇಳಿದರೆ ಸಾಕಾಗಬೇಕು. ಹಿಡಿಸದ ಚಾರ್ಜರುಗಳನ್ನು ಆಪ್ ಮತ್ತೆಂದೂ ತೋರಿಸಬಾರದು.

ಹಣ ಮತ್ತು ಹತ್ತು ಆಪುಗಳ ಕಾಟ

ಈಗಿನ ದೊಡ್ಡ ದೂರು ಇದು. ಒಂದೊಂದು ಕಂಪನಿಗೆ ಒಂದೊಂದು ಆಪ್, ಒಂದೊಂದರಲ್ಲೂ ಮುಂಗಡ ಹಣ ಹಾಕಿಡಬೇಕು. ಎಲ್ಲೋ ಒಮ್ಮೆ ಬಳಸಿದ ಆಪಿನಲ್ಲಿ 140 ರೂಪಾಯಿ, ಇನ್ನೊಂದರಲ್ಲಿ 85 ರೂಪಾಯಿ ಉಳಿದಿರುತ್ತದೆ. ಐದಾರು ಅಂಗಡಿಗಳಲ್ಲಿ ಚಿಲ್ಲರೆ ಬಾಕಿ ಬಿಟ್ಟು ಬಂದ ಹಾಗೆ.

ಹಣ ಕಳಿಸುವುದರಲ್ಲಿ ಈ ಗೊಂದಲವನ್ನು ನಮ್ಮ ದೇಶ 2016ರಲ್ಲಿ ಯುಪಿಐ ತಂದು ಬಿಡಿಸಿಕೊಂಡಿತು. ನಿಮ್ಮ ಬ್ಯಾಂಕು ಯಾವುದು, ಅಂಗಡಿಯವರ ಬ್ಯಾಂಕು ಯಾವುದು ಎಂಬ ಪ್ರಶ್ನೆ ಈಗ ಇಲ್ಲ. ಚಾರ್ಜಿಂಗಿಗೂ ಅಂಥ ವ್ಯವಸ್ಥೆಯ ಪ್ರಯತ್ನ ನಡೆದಿದೆ. ಒಂದು ಕಂಪನಿಯ ಗಣಕಯಂತ್ರ ಇನ್ನೊಂದರೊಡನೆ ಮಾತಾಡಲು ಓಸಿಪಿಐ ಎಂಬ ಭಾಷೆ ಇದೆ. ಬೆಂಗಳೂರಿನವರೇ ರೂಪಿಸಿದ ಬೆಕ್ನ್ ಎಂಬ ಮುಕ್ತ ಪದ್ಧತಿಯ ಮೇಲೆ, ಯಾವ ಆಪಿನಿಂದಲೂ ಯಾವ ಚಾರ್ಜರನ್ನೂ ಹುಡುಕಿ ಹಣ ಕೊಡುವ ವ್ಯವಸ್ಥೆಯನ್ನು ಕಟ್ಟಲಾಗುತ್ತಿದೆ. ಕೇಂದ್ರ ಸರ್ಕಾರದ 2024ರ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿ ರೂ.ಗಳಲ್ಲಿ 2,000 ಕೋಟಿ ರೂ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಿಗಾಗಿ ಮೀಸಲು. ದೇಶಕ್ಕೆಲ್ಲ ಒಂದೇ ಆಪ್ ತರುವ ಉದ್ದೇಶವನ್ನೂ ಭಾರೀ ಕೈಗಾರಿಕೆಗಳ ಸಚಿವಾಲಯ 2025ರಲ್ಲಿ ಪ್ರಕಟಿಸಿ, ಆ ಕೆಲಸಕ್ಕೆ ಬಿಎಚ್‌ಇಎಲ್ ಹೆಸರನ್ನು ಮುಂದಿಟ್ಟಿತು.

ಆಪ್ ರಚಿಸುವವರು ಅದಕ್ಕಾಗಿ ಕಾಯಬೇಕಾಗಿಲ್ಲ. ಮುಂಗಡ ಹಣ ಇಲ್ಲದೆ, ಬಳಸಿದಷ್ಟಕ್ಕೆ ಯುಪಿಐ ಮೂಲಕ ಹಣ ಪಡೆಯುವ ಏರ್ಪಾಡು ಇಂದೇ ಸಾಧ್ಯ. ದರವನ್ನು ತೆರಿಗೆ ಸೇರಿಸಿ ಮೊದಲೇ ಹೇಳಬೇಕು. 2024ರ ಕೇಂದ್ರ ಮಾರ್ಗಸೂಚಿಯು ಬೆಳಿಗ್ಗೆ 9ರಿಂದ ಸಂಜೆ 4ರವರೆಗಿನ ಬಿಸಿಲಿನ ವೇಳೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ವಿದ್ಯುತ್ ಅಗ್ಗವಾಗಿಯೂ ಉಳಿದ ವೇಳೆ ದುಬಾರಿಯಾಗಿಯೂ ಇರುವಂತೆ ಸೂಚಿಸಿದೆ. ವೇಳೆಯ ಮೇಲೆ ದರ ಬದಲಾಗುವ ಕಡೆ ಅದನ್ನೂ ಕಾಣಿಸಬೇಕು.

ಇನ್ನೊಂದು ಮಾತು. ಮೀಟರಿನಲ್ಲಿ ಓಡಿದಷ್ಟೂ ಯೂನಿಟ್ ಬ್ಯಾಟರಿಗೆ ಸೇರುವುದಿಲ್ಲ. ಪರಿವರ್ತನೆಯಲ್ಲಿ, ಬಿಸಿಯಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಹೋಗಬಹುದು. ಚೆರಿ ಕಾಫಿ ಕೊಟ್ಟವರಿಗೆ ಔಟ್‌ಟರ್ನ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲಿನಲ್ಲಿ 12 ಯೂನಿಟ್ ಇದ್ದು ಕಾರಿನಲ್ಲಿ 11 ಏರಿದ್ದರೆ ಅದು ಮೋಸವಲ್ಲ ಎಂದು ಆಪ್ ಒಂದು ಸಾಲಿನಲ್ಲಿ ತಿಳಿಸಿದರೆ ಎಷ್ಟೋ ಜಗಳ ತಪ್ಪುತ್ತದೆ.

ಸಿಗ್ನಲ್ ಇಲ್ಲದ ಕಡೆ

ಘಟ್ಟದ ತಿರುವುಗಳಲ್ಲಿ, ತೋಟಗಳ ನಡುವೆ ಫೋನಿಗೆ ಸಿಗ್ನಲ್ ಇರುವುದಿಲ್ಲ ಎಂಬುದು ನಮಗೆ ಗೊತ್ತು, ನಗರದಲ್ಲಿ ಕುಳಿತು ಆಪ್ ಬರೆಯುವವರಿಗೆ ಗೊತ್ತಿರುವುದಿಲ್ಲ. ಹೊರಡುವಾಗಲೇ ದಾರಿಯ ಭೂಪಟ, ಕೇಂದ್ರಗಳ ವಿಳಾಸ, ದೂರವಾಣಿ ಸಂಖ್ಯೆ ಎಲ್ಲ ಫೋನಿನೊಳಗೆ ಇಳಿದಿರಬೇಕು. ಸಿಗ್ನಲ್ ತಪ್ಪಿದಾಗ ಪರದೆ ಖಾಲಿಯಾಗದೆ, "ಇದು ಬೆಳಿಗ್ಗೆ 9-40ರ ಸುದ್ದಿ" ಎಂದು ಹೇಳಿ ತೋರಿಸುತ್ತಿರಬೇಕು.

ಚಾರ್ಜ್ ಆರಂಭಿಸುವುದಕ್ಕೂ ಬದಲಿ ದಾರಿ ಬೇಕು. ಚಿತ್ರಸಂಕೇತವನ್ನು ಫೋನಿನಿಂದ ಓದಿಸಿ ಆರಂಭಿಸುವ ಪದ್ಧತಿಗೆ ಫೋನಿನಲ್ಲಿ ಇಂಟರ್‌ನೆಟ್ ಬೇಕು. ಚಾರ್ಜರಿಗೆ ಒಂದು ಕಂಪನಿಯ ಸಿಗ್ನಲ್ ಇದ್ದು ನಮ್ಮ ಫೋನಿಗೆ ಇಲ್ಲದಿರಬಹುದು. ಅದಕ್ಕಾಗಿ ತಾಗಿಸುವ ಕಾರ್ಡಿನ ವ್ಯವಸ್ಥೆ ಇದೆ. ಓಸಿಪಿಪಿ ಪ್ರಕಾರ, ನಂಬಿಕಸ್ಥ ಕಾರ್ಡುಗಳ ಪಟ್ಟಿಯನ್ನು ಚಾರ್ಜರ್ ತನ್ನೊಳಗೇ ಇಟ್ಟುಕೊಂಡು, ಸಂಪರ್ಕ ಇಲ್ಲದಾಗಲೂ ಚಾರ್ಜ್ ಆರಂಭಿಸಿ, ಲೆಕ್ಕವನ್ನು ಆಮೇಲೆ ಕಳಿಸಬಹುದು. ಸಂಘದ ಪಾಸ್ ಪುಸ್ತಕದಲ್ಲಿ ಬರೆಸಿ ಗೊಬ್ಬರ ಒಯ್ಯುವ ಹಾಗೆಯೇ ಇದು. ಮಲೆನಾಡಿನ ಬಳಕೆದಾರರಿಗೆ ಆಪಿನ ಜೊತೆ ಈ ಕಾರ್ಡನ್ನೂ ಕೊಡಬೇಕು.

ಭಾಷೆ ಕನ್ನಡ ಇರತಕ್ಕದ್ದು. ಅದೂ ಯಂತ್ರದಿಂದ ತಿರುಗಿಸಿದ, ಅರ್ಥವಾಗದ ಕನ್ನಡ ಅಲ್ಲ. ಅಕ್ಷರ ದೊಡ್ಡದಿರಲಿ, ಬಿಸಿಲಿನಲ್ಲಿ ನಿಂತು ಓದುವಂತಿರಲಿ. ಬಣ್ಣದ ಜೊತೆಗೆ ಮಾತೂ ಇರಲಿ, ಹಸಿರು ಕೆಂಪು ಗುರುತಿಸಲಾಗದವರೂ ನಮ್ಮಲ್ಲಿದ್ದಾರೆ. ಸ್ಥಳೀಯರೊಬ್ಬರ ದೂರವಾಣಿ ಸಂಖ್ಯೆ ಪ್ರತಿ ಕೇಂದ್ರಕ್ಕೂ ಬೇಕೇ ಬೇಕು. ಆಪ್ ಸಿದ್ಧವಾದ ಮೇಲೆ ಅದನ್ನು ಮಳೆಗಾಲದಲ್ಲಿ ಘಟ್ಟಕ್ಕೆ ತಂದು, ಅದನ್ನು ಎಂದೂ ನೋಡದ ಐದಾರು ಮಂದಿಯ ಕೈಗೆ ಕೊಟ್ಟು, ಮಧ್ಯೆ ಬಾಯಿ ಹಾಕದೆ ನೋಡಬೇಕು. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಆಪ್ ತಿದ್ದಬೇಕು, ಅವರನ್ನಲ್ಲ.

ಚಾರ್ಜರ್ ಹಾಕಿಸುವ ಸದಸ್ಯರಿಗೆ

ಆಪ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಸುದ್ದಿ ಕೊಡುವುದು ಸ್ಥಳದಲ್ಲಿರುವ ಪೆಟ್ಟಿಗೆ, ಪೆಟ್ಟಿಗೆಯನ್ನು ನೋಡಿಕೊಳ್ಳುವವರು ನಾವು. ಆದುದರಿಂದ ತಮ್ಮ ಜಾಗದಲ್ಲಿ ಚಾರ್ಜರ್ ಹಾಕಿಸುವ ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

1. ಚಾರ್ಜರ್ ಓಸಿಪಿಪಿ ಭಾಷೆಯದ್ದೇ ಎಂದು ಬರವಣಿಗೆಯಲ್ಲಿ ಪಡೆಯಿರಿ. ಇಲ್ಲವಾದರೆ ಮುಂದೆ ಆ ಕಂಪನಿ ಮುಚ್ಚಿದರೆ ಬೇರೆ ಆಪಿಗೆ ಸೇರಿಸಲಾಗದೆ ಪೆಟ್ಟಿಗೆ ಮೂಲೆಗೆ ಬೀಳುತ್ತದೆ.

2. ಸ್ಥಳವನ್ನು ಗೊತ್ತುಮಾಡುವ ಮೊದಲು ಅಲ್ಲಿ ಯಾವ ಕಂಪನಿಯ ಸಿಗ್ನಲ್ ಚೆನ್ನಾಗಿದೆ ಎಂದು ಮಳೆಯ ದಿನವೇ ನೋಡಿ, ಅದೇ ಕಂಪನಿಯ ಸಿಮ್ ಹಾಕಿಸಿ.

3. ಸಂಪರ್ಕದ ಸಾಧನಕ್ಕೆ ಮಾತ್ರ ಒಂದು ಸಣ್ಣ ಬ್ಯಾಟರಿ ಇಟ್ಟುಕೊಂಡರೆ, ಕರೆಂಟು ಹೋದಾಗಲೂ "ವಿದ್ಯುತ್ ಇಲ್ಲ" ಎಂಬ ಸುದ್ದಿ ಹೊರಗೆ ಹೋಗುತ್ತದೆ. ಅದು ಉಣ್ಣುವ ವಿದ್ಯುತ್ ಬಹಳ ಕಡಿಮೆ. ಇಂಥ ಸೌಲಭ್ಯ ಚಾರ್ಜರಿನಲ್ಲಿದೆಯೇ ಎಂದು ಕೊಳ್ಳುವಾಗಲೇ ಕೇಳಿ.

4. ಅರ್ಥಿಂಗ್ ಸರಿಯಿರಲಿ. ಅರ್ಥ್ ಸರಿಯಿಲ್ಲವೆಂದು ಕಂಡರೆ ಅನೇಕ ಕಾರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಮುರಕಲ್ಲಿನ ಜಾಗದಲ್ಲಿ ಬೇಸಗೆಗೆ ಅರ್ಥ್ ಗುಂಡಿ ಒಣಗುತ್ತದೆ, ನೀರು ಹೊಯ್ಯಲು ಮರೆಯಬಾರದು. ಸಿಡಿಲಿನಿಂದ ರಕ್ಷಿಸುವ ಸಾಧನವನ್ನು ಬಿಡಲೇಬಾರದು.

5. ವಿದ್ಯುತ್ ಹೊರೆ ಹೆಚ್ಚಿಸಬೇಕಾದರೆ ಮೊದಲೇ ಮೆಸ್ಕಾಂ ಅಥವಾ ಚಾಮುಂಡೇಶ್ವರಿ ವಿದ್ಯುತ್ ನಿಗಮದ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿ. ಟ್ರಾನ್ಸ್‌ಫಾರ್ಮರ್ ತಾಳದಿದ್ದರೆ ಚಾರ್ಜರೂ ಇಲ್ಲ, ಪಂಪೂ ಇಲ್ಲ ಎಂದಾಗಬಾರದು.

6. ಗೇಟು ತೆರೆಯುವ, ಮುಚ್ಚುವ ವೇಳೆಯನ್ನು ಆಪಿನಲ್ಲಿ ಸರಿಯಾಗಿ ನಮೂದಿಸಿ. ಸ್ವಿಚ್ಚಿನ ಬೀಗದ ಕೈ ಯಾರಲ್ಲಿದೆ, ಅವರ ಫೋನು ಯಾವುದು ಎಂಬುದನ್ನು ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿ.

7. ಕೆಟ್ಟ ಕೂಡಲೇ, ದುರಸ್ತಿಯಾಗುವವರೆಗೆ ಕಾಯದೆ, "ಕೆಟ್ಟಿದೆ" ಎಂದು ಆಪಿನಲ್ಲಿ ಗುರುತು ಹಾಕಿ. ಇದರಿಂದ ವ್ಯಾಪಾರ ತಪ್ಪುತ್ತದೆ ಎಂಬ ಆಲೋಚನೆ ಬೇಡ. ಒಮ್ಮೆ ಸುಳ್ಳು ಹಸಿರನ್ನು ನಂಬಿ ಘಟ್ಟದಲ್ಲಿ ನಿಂತವರು ಆ ಬಾಗಿಲಿಗೆ ಮತ್ತೆ ಬರುವುದಿಲ್ಲ.

ಈ ಕೊನೆಯ ಅಂಶವೇ ಎಲ್ಲಕ್ಕಿಂತ ಮುಖ್ಯವಾದದ್ದು. ಮಾದರಿ ಒಂದು ತೋರಿಸಿ ಮಾಲು ಇನ್ನೊಂದು ಕೊಟ್ಟರೆ ಮಂಡಿಯಲ್ಲಿ ಬೆಳೆಗಾರನ ಹೆಸರು ಏನಾಗುತ್ತದೆ ಎಂಬುದು ನಮಗೆಲ್ಲ ತಿಳಿದ ವಿಷಯ. ಆಪಿನ ಹಸಿರು ಚುಕ್ಕಿಯೂ ಒಂದು ಮಾದರಿಯೇ. ಅದನ್ನು ನಂಬಿ ಮಕ್ಕಳು ಮರಿಗಳನ್ನು ಕೂರಿಸಿಕೊಂಡು ಘಟ್ಟ ಹತ್ತುವವರಿದ್ದಾರೆ. ಆಪ್ ಮಾಡುವವರು ಇದನ್ನು ನೆನಪಿಡಲಿ, ಚಾರ್ಜರ್ ಇಡುವ ನಮ್ಮ ಸದಸ್ಯರೂ ನೆನಪಿಡಲಿ.

ವಿದ್ಯುತ್ ಕಾರಿನಲ್ಲಿ ಘಟ್ಟ ಹತ್ತುವ ಸದಸ್ಯರು ಅಂಥ ಆಪ್ ಬರುವ ತನಕ ಒಂದು ಪದ್ಧತಿ ಇಟ್ಟುಕೊಳ್ಳಬಹುದು: ಏರು ಆರಂಭವಾಗುವ ಮೊದಲೇ, ಕೆಳಗಿನ ಪೇಟೆಯಲ್ಲಿ, ಬೇಕಾದಷ್ಟು ತುಂಬಿಸಿಕೊಳ್ಳುವುದು, ಮೇಲಿನ ಕೇಂದ್ರಕ್ಕೆ ಒಂದು ಫೋನು ಮಾಡಿ, ದೀಪ ಉರಿಯುತ್ತಿದೆಯೇ ಎಂದು ಅಲ್ಲಿನವರನ್ನೇ ಕೇಳಿ ಹೊರಡುವುದು. ನಮ್ಮ ಅಳಿಯ ಈಗ ಹಾಗೆಯೇ ಮಾಡುತ್ತಾನೆ.